ಮಾದೇವಿಯ ಬ್ಯಾಕ್ಟೀರಿಯಾ

ಕೋವಿಡ್ ಹಾವಳಿ ತಗ್ಗಿದ ಮರುವರ್ಷದ ಮಾತು. ನಾನಾಗ ಕಲಬುರಗಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ಪ್ರಾಧ್ಯಾಪಕಿ. ವಿಭಾಗದ ಹಿಂಬದಿಯ ಕಟ್ಟಡದಲ್ಲಿ ಎರಡು ಕೋಣೆಗಳ ಪ್ರಯೋಗಾಲಯ ನನ್ನದು. ಒಂದರಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು, ಇನ್ನೊಂದರಲ್ಲಿ ಅವುಗಳ ಪೊರೆಯಿಂದ ಪ್ರೋಟೀನ್ ಬಿಡಿಸುವುದು. ಕರೆಂಟು ಹೋದರೆ ಜನರೇಟರ್ ಶುರುವಾಗುವವರೆಗೆ ಫ್ರೀಜರಿನ ಬಾಗಿಲನ್ನು ಯಾರೂ ಮುಟ್ಟಬಾರದು ಎನ್ನುವುದು ಅಲ್ಲಿಯ ಮೊದಲ ಕಾನೂನು. ಎರಡನೆಯ ಕಾನೂನು ಇರಲಿಲ್ಲ. ನಿನ್ನ ಕೆಲಸ ಏನು ಎಂದು ನೆಂಟರು ಕೇಳಿದರೆ, "ಗುಳಗಿ ಯಾಕ ನಾಟಂಗಿಲ್ಲ ಅಂತ ನೋಡ್ತೇನ್ರಿ" ಎಂದು ಹೇಳಿ ಪಾರಾಗುತ್ತಿದ್ದೆ. ಗುಳಗಿ ಎಂದರೆ ಮಾತ್ರೆ; ಅಷ್ಟು ಕೇಳಿದ್ದೇ ತಡ ಅವರು ತಮ್ಮ ಸೊಂಟನೋವು, ಸಕ್ಕರೆ ಕಾಯಿಲೆ ಎಲ್ಲವನ್ನೂ ನನ್ನ ಮುಂದೆ ಹರವುತ್ತಿದ್ದರು.

ನಮ್ಮ ಕೆಲಸವನ್ನು ತುಸು ಬಿಡಿಸಿ ಹೇಳಬೇಕು. ಬ್ಯಾಕ್ಟೀರಿಯಾ ಎಂದರೆ ಕೊಬ್ಬಿನ ತೆಳು ಪೊರೆಯೊಳಗಿನ ಒಂದು ಜೀವ. ಪೊರೆ ದಾಟಿ ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂಬುದನ್ನು ಪೊರೆಯಲ್ಲೇ ಹುದುಗಿದ ಪ್ರೋಟೀನುಗಳು ನೋಡಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಬಗೆ ಎಫ್ಲಕ್ಸ್ ಪಂಪ್. ಒಳಗೆ ನುಸುಳಿದ ಆ್ಯಂಟಿಬಯೋಟಿಕ್ ಔಷಧವನ್ನು ಹಿಡಿದು ಹೊರಗೆ ಎಸೆಯುವುದು ಅದರ ಕೆಲಸ. ನಾವು ನೋಡುತ್ತಿದ್ದ ಪಂಪಿನಲ್ಲಿ ಒಂದೇ ತೆರನಾದ ಮೂರು ತುಂಡುಗಳು ಗುಂಡಾಗಿ ನಿಂತಿರುತ್ತವೆ. ಒಂದು ಕಾಯುತ್ತದೆ, ಒಂದು ಹಿಡಿಯುತ್ತದೆ, ಒಂದು ಎಸೆಯುತ್ತದೆ. ಮರುಗಳಿಗೆ ಮೂರೂ ತಮ್ಮ ಆಕಾರ ಬದಲಿಸಿ ಮುಂದಿನ ಸರದಿಗೆ ಹೋಗುತ್ತವೆ. ಒಂದೇ ಒರಳಿಗೆ ಮೂವರು ಹೆಂಗಸರು ಒನಕೆ ಹಾಕುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಹಿಡಿಯುವ ತುಂಡಿನೊಳಗೆ ಒಂದು ಪೊಟರೆ ಇದೆ. ಔಷಧ ಬಂದು ಕೂರುವುದು ಅಲ್ಲೇ. ಆ ಪೊಟರೆ ಯಾವಾಗ ಹೇಗೆ ತೆರೆದುಕೊಳ್ಳುತ್ತದೆ, ಯಾವಾಗ ಬಿಗಿಯುತ್ತದೆ ಎಂದು ಚಿತ್ರ ತೆಗೆದು ನೋಡುವುದೇ ನಮ್ಮ ಕಸುಬು.

ಬ್ಯಾಕ್ಟೀರಿಯಾಗಳು ನಮಗೆ ಸುತ್ತಲಿನ ಊರುಗಳಿಂದಲೇ ಬರುತ್ತಿದ್ದವು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರೋಗಿಗಳ ಮೂತ್ರದಲ್ಲೋ ರಕ್ತದಲ್ಲೋ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕರೆ, ಒಪ್ಪಿಗೆ ಪಡೆದು, ಹೆಸರು ತೆಗೆದು, ನಂಬರು ಹಚ್ಚಿ ಕಳಿಸುತ್ತಿದ್ದರು. ಅವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ನನ್ನ ಸಂಶೋಧನಾ ವಿದ್ಯಾರ್ಥಿನಿ ನಸ್ರೀನ್. ಅವಳೂ ನನ್ನ ಹಾಗೆ ಆಳಂದದವಳು. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ, ಮಷಿನ್ನುಗಳೊಡನೆ ಇಂಗ್ಲಿಷಿನ ಬೈಗುಳ.

ಆ ವರ್ಷ ಕಬ್ಬು ನುರಿಸುವ ಹಂಗಾಮಿನಲ್ಲಿ ನನ್ನ ತಂಗಿ ಮಾದೇವಿ ತೀರಿಕೊಂಡಳು. ಅವಳನ್ನು ಅಫಜಲಪುರದ ಹತ್ತಿರದ ಹವಳಗಾಕ್ಕೆ ಕೊಟ್ಟಿತ್ತು. ಗಂಡ ಮಲ್ಲಿನಾಥ ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡುತ್ತಾನೆ. ಮಾದೇವಿಗೆ ಆಗಾಗ ಉರಿಮೂತ್ರದ ತೊಂದರೆ. ಆಳಂದದಲ್ಲಿ ನಮ್ಮಣ್ಣ ಶಿವಶರಣನ ಮೆಡಿಕಲ್ ಅಂಗಡಿ ಇದೆ. ಮೆಡಿಕಲ್ ಅಂಗಡಿಯ ನೆಂಟ ಒಬ್ಬನಿದ್ದರೆ ನಮ್ಮ ಕಡೆ ಡಾಕ್ಟರರ ಬಳಿ ಹೋಗುವುದು ಅವನಿಗೆ ಅವಮಾನ ಮಾಡಿದಂತೆ. ಮಾದೇವಿ ಫೋನ್ ಮಾಡುತ್ತಿದ್ದಳು, ಅಣ್ಣ ಅಫಜಲಪುರದ ಬಸ್ಸಿನ ಡ್ರೈವರ್ ಕೈಯಲ್ಲಿ ಪೊಟ್ಟಣ ಕಳಿಸುತ್ತಿದ್ದ. ಹೆಚ್ಚಾಗಿ ಸಿಪ್ರೋಫ್ಲಾಕ್ಸಾಸಿನ್ ಎಂಬ ಮಾತ್ರೆ. ಉರಿ ತಗ್ಗಿದ ಕೂಡಲೇ ಅವಳು ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುತ್ತಿದ್ದಳು. ಬೇಡ ಎಂದು ನಾನು ಹೇಳುತ್ತಿದ್ದೆ. ಇಬ್ಬರೂ ನಗುತ್ತಿದ್ದರು. ಕೊನೆಯ ಸಲ ಸೋಂಕು ಮೂತ್ರಪಿಂಡಕ್ಕೆ ಏರಿ, ಅಲ್ಲಿಂದ ರಕ್ತಕ್ಕೆ ಇಳಿಯಿತು. ಕಲಬುರಗಿಗೆ ತಂದಾಗ ತಡವಾಗಿತ್ತು. ಅವಳ ರಕ್ತದ ವರದಿಯಲ್ಲಿ ಔಷಧಗಳ ಹೆಸರಿನ ಎದುರು ಸಾಲಾಗಿ 'ನಿರೋಧಕ' ಎಂದು ಬಿದ್ದಿತ್ತು. ಅದನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಓದಿ ಹೇಳುವ ಹಾಗೆಯೇ ಮಲ್ಲಿನಾಥನಿಗೆ ಓದಿ ಹೇಳಿದೆ. ಆಗ ನನಗೆ ಏನೂ ಅನಿಸಲಿಲ್ಲ, ಆಮೇಲೂ ಬಹಳ ದಿನ ಏನೂ ಅನಿಸಲಿಲ್ಲ.

ಗಂಡ ಬದುಕಿರುವಾಗ ಹೆಂಡತಿ ಸತ್ತರೆ, ಅವಳಿಗೆ ಕೊನೆಯದಾಗಿ ಉಡಿಸುವ ಹಸಿರು ಸೀರೆ ತವರಿನಿಂದ ಬರಬೇಕು. ನಮ್ಮ ಅಪ್ಪ ಅವ್ವ ಇಲ್ಲ; ತವರು ಎಂದರೆ ಅಣ್ಣನೇ. ಆತ ಸೀರೆ, ಬಳೆ ಹಿಡಿದುಕೊಂಡು ಹವಳಗಾದ ಅಂಗಳಕ್ಕೆ ಬಂದ. ಮಲ್ಲಿನಾಥ ಬಾಗಿಲಲ್ಲೇ ಅಡ್ಡ ನಿಂತ.

"ಗುಳಗಿ ಕೊಟ್ಟು ಕೊಟ್ಟು ಕೊಂದಿ. ನಿನ್ ಸೀರಿ ಆಕಿ ಮೈಮ್ಯಾಲ ಬೀಳೂದು ಬ್ಯಾಡ."

ಅಣ್ಣ ಸೀರೆಯನ್ನು ಎದೆಗವಚಿಕೊಂಡು ಬೇವಿನ ಮರದ ಕೆಳಗೆ ನಿಂತ. ಮಾದೇವಿಯನ್ನು ಗಂಡನ ಮನೆಯದೇ ಸೀರೆ ಉಡಿಸಿ ಮಣ್ಣು ಮಾಡಿದರು. ತವರು ಇದ್ದೂ ಇಲ್ಲದವಳ ಹಾಗೆ ಹೋದಳು ಎಂದು ಹೆಂಗಸರು ಅತ್ತರು. ನಾನು ಅವರಿಗೆ ನೀರು ಕೊಡುತ್ತ ಓಡಾಡಿದೆ.

ಆಸ್ಪತ್ರೆಯಲ್ಲಿ ಮಾದೇವಿಯ ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾ ಇನ್ನೂ ಇತ್ತು. ಅದನ್ನು ನಮ್ಮ ಪ್ರಯೋಗಾಲಯಕ್ಕೆ ಕಳಿಸಲು ಗಂಡನ ಒಪ್ಪಿಗೆ ಬೇಕಿತ್ತು. ದಿನಕರ್ಮಗಳು ಮುಗಿದ ಮೇಲೆ ಮಲ್ಲಿನಾಥನನ್ನು ಕೇಳಿದೆ.

"ಕೊಡ್ತೇನ್ರಿ ಅಕ್ಕಾರ. ಆದ್ರ ಏನ್ ಸಿಗ್ತದ ಅದು ನನಗ ಹೇಳ್ಬೇಕು. ನಿಮ್ಮಣ್ಣ ಅಂತ ಮುಚ್ಚಿ ಇಡಬಾರ್ದು. ವರ್ಷದ ಪೂಜಿಗಿ ತವರಿನ ಸೀರಿ ತಗೋಬೇಕೋ ಬ್ಯಾಡೋ ಅಂತ ಆಗ ಹೇಳ್ತೇನಿ."

ನಮ್ಮಲ್ಲಿ ಮುತ್ತೈದೆಯಾಗಿ ಸತ್ತವಳ ವರ್ಷದ ಪೂಜೆಗೂ ತವರಿನ ಸೀರೆ ಇಡುತ್ತಾರೆ. ಆಮೇಲೆ ಅದನ್ನು ಊರಿನ ಮುತ್ತೈದೆಯೊಬ್ಬಳಿಗೆ ಉಡಿ ತುಂಬಿ ಕೊಡುತ್ತಾರೆ. ಆ ಸಲವೂ ಸೀರೆ ತಿರುಗಿ ಬಂದರೆ ಎರಡು ಮನೆಗಳ ನಡುವಿನ ಬಾಗಿಲು ಮತ್ತೆ ತೆರೆಯುವುದಿಲ್ಲ. ಅಣ್ಣ ತಂಗಿಯನ್ನು ಕೊಂದವನಾಗಿಯೇ ಉಳಿಯುತ್ತಾನೆ. ಪೊಟರೆಯ ಚಿತ್ರ ಅಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂದು ಮಲ್ಲಿನಾಥನಿಗೆ ಹೇಳಿದೆ. "ನೀವು ನೋಡ್ರಿ ಮೊದ್ಲ" ಎಂದ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ನಸ್ರೀನಳಿಗೆ ಅದು ಯಾರದ್ದೆಂದು ಮೊದಲೇ ತಿಳಿಸಿದೆ. "ಬ್ಯಾಡ್ರಿ ಮೇಡಂ, ಬ್ಯಾರೇ ಸ್ಯಾಂಪಲ್ ಮಾಡೋಣ್ರಿ" ಎಂದಳು. ಇದನ್ನೇ ಮಾಡು ಎಂದೆ. ಟ್ಯೂಬು ಬಂದ ದಿನ ನಾನೇ ಅದನ್ನು ಫ್ರೀಜರಿನಲ್ಲಿ ಇಟ್ಟೆ. ಮಾದೇವಿಯ ಮೈಯಲ್ಲಿ ಇದ್ದದ್ದರಲ್ಲಿ ಇನ್ನೂ ಬದುಕಿರುವುದು ಇದೊಂದೇ ಎಂಬ ಯೋಚನೆ ಬಂತು, ಬಂದ ಹಾಗೇ ಹೋಯಿತು. ಬಾಗಿಲು ಮುಚ್ಚಿ, ಕೈ ತೊಳೆದು, ಎರಡನೆಯ ಸೆಮಿಸ್ಟರಿನ ಪಾಠಕ್ಕೆ ಹೋದೆ.

ಆ ಬ್ಯಾಕ್ಟೀರಿಯಾದ ಪಂಪಿನ ಜೀನ್ ಓದಿದಾಗ ಒಂದು ಕಡೆ ಬದಲಾವಣೆ ಕಂಡಿತು. ಪೊಟರೆಯ ಗೋಡೆಯಲ್ಲೇ. ಇನ್ನು ಪ್ರೋಟೀನನ್ನೇ ತೆಗೆದು ನೋಡಬೇಕು. ಪೊರೆಯಲ್ಲಿರುವ ಪ್ರೋಟೀನನ್ನು ನೀರಿಗೆ ತಂದರೆ ಅದು ಮುದ್ದೆಗಟ್ಟಿ ಹಾಳಾಗುತ್ತದೆ. ಅದಕ್ಕಾಗಿ ಡಿಟರ್ಜೆಂಟ್ ಹಾಕುತ್ತೇವೆ. ಹೆಸರು ದೊಡ್ಡದು, ಆದರೆ ಅದೊಂದು ನಾಜೂಕಾದ ಸೋಪು ಅಷ್ಟೆ. ಅದರ ಕಣಗಳು ಪೊರೆಯ ಕೊಬ್ಬನ್ನು ಬಿಡಿಸಿ, ಪ್ರೋಟೀನಿನ ಸೊಂಟವನ್ನು ಸುತ್ತುವರಿದು ಅದನ್ನು ಕಾಪಾಡುತ್ತವೆ. ಕಡಿಮೆಯಾದರೆ ಪ್ರೋಟೀನ್ ಬಿಡುವುದಿಲ್ಲ, ಹೆಚ್ಚಾದರೆ ಬದುಕುವುದಿಲ್ಲ. ನಸ್ರೀನ್ ಮಳೆಗಾಲವಿಡೀ ಅದರಲ್ಲೇ ಸವೆದಳು. ತೊಗರಿ ಬಿತ್ತಿದವರ ಹೊಲದಲ್ಲಿ ಹೂ ಬಂದರೂ ಪ್ರೋಟೀನ್ ಸೋಸುವ ನಮ್ಮ ಕಾಲಂ ಕೊಳವೆಯಲ್ಲಿ ಶುದ್ಧ ಪ್ರೋಟೀನ್ ಇಳಿಯಲಿಲ್ಲ. ಬೆಳಗ್ಗೆ ನಾನು ಬಂದರೆ ಅವಳು ಮೊದಲೇ ಬಂದು ಕೂತಿರುತ್ತಿದ್ದಳು, ಮುಖ ನೋಡಿದರೇ ಉತ್ತರ ಗೊತ್ತಾಗುತ್ತಿತ್ತು. ನಾನೂ ಪ್ರತಿದಿನ ಹೋದೆ, ಬಂದೆ. ಮನೆಯಲ್ಲಿ ಒಲೆ ಹಚ್ಚಿದ್ದೂ ಆರಿಸಿದ್ದೂ ನೆನಪಿಲ್ಲ. ದುಃಖ ಎಂದು ಕರೆಯುವಂಥದ್ದು ನನ್ನಲ್ಲಿ ಇರಲಿಲ್ಲ. ಇದ್ದದ್ದು ಕೈಕಾಲು ಮರಗಟ್ಟಿದಾಗ ಆಗುವಂಥ ಒಂದು ಸ್ಥಿತಿ.

ಕೊನೆಗೆ ಪ್ರೋಟೀನ್ ಸಿಕ್ಕಿತು. ಎರಡು ಬಗೆಯ ಮಾದರಿ ತಯಾರಿಸಿದೆವು: ಒಂದಕ್ಕೆ ಸಿಪ್ರೋಫ್ಲಾಕ್ಸಾಸಿನ್ ಹಾಕಿ, ಇನ್ನೊಂದಕ್ಕೆ ಹಾಕದೆ. ಇಂಥ ಪ್ರೋಟೀನಿನ ಚಿತ್ರ ತೆಗೆಯಲು ಮಾದರಿಯನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಡುತ್ತಾರೆ. ಕ್ರಯೋ-ಇಎಂ ಎನ್ನುವ ಆ ವಿಧಾನದ ಯಂತ್ರ ನಮ್ಮಲ್ಲಿಲ್ಲ. ಬೆಂಗಳೂರಿನ ಯಂತ್ರಕ್ಕೆ ಸರದಿ ಹಿಡಿದು ಕಾಯಬೇಕು. ಔಷಧ ಹಾಕಿದ ಮಾದರಿಯ ಸರದಿ ಮೊದಲು ಬಂತು, ಹಾಕದಿರುವುದಕ್ಕೆ ಮುಂದಿನ ಸುತ್ತಿನಲ್ಲಿ ಜಾಗ ಸಿಕ್ಕಿತು. ಯಂತ್ರ ಕೊಡುವುದು ಪ್ರೋಟೀನಿನ ಲಕ್ಷಾಂತರ ಮಸುಕು ನೆರಳುಗಳನ್ನು; ಅವನ್ನು ಕಂಪ್ಯೂಟರಿನಲ್ಲಿ ಒಟ್ಟುಗೂಡಿಸಿದರೆ ಮೂರು ಆಯಾಮದ ಆಕಾರ ಮೂಡುತ್ತದೆ.

ಆಕಾರ ಮೂಡಿತು. ಮೂರು ತುಂಡುಗಳು ಮೂರು ಭಂಗಿಗಳಲ್ಲಿ ನಿಂತಿದ್ದವು. ಹಿಡಿಯುವ ತುಂಡಿನ ಪೊಟರೆಯಲ್ಲಿ ಏನೋ ಒಂದು ಕೂತಿತ್ತು. ಉದ್ದನೆಯ ಸಣ್ಣ ಗಂಟು, ಒಂದು ತುದಿ ದಪ್ಪ. ಬದಲಾದ ಗೋಡೆಗೆ ಒತ್ತಿಕೊಂಡಿತ್ತು. ನಸ್ರೀನ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಅವಳ ಪ್ರಬಂಧಕ್ಕೆ ಬೇಕಾಗಿದ್ದದ್ದೇ ಅದು. ಸಿಪ್ರೋ ಎಂದೇ ಅವಳ ನಂಬಿಕೆ. ಇನ್ನೊಂದು ಮಾದರಿ ಬರುವವರೆಗೆ ಯಾರಿಗೂ ಹೇಳಬೇಡ ಎಂದೆ.

ಆದರೆ ಅದೇ ವಾರ ಮಲ್ಲಿನಾಥ ಯಾವುದೋ ಕೆಲಸಕ್ಕೆ ಕಲಬುರಗಿಗೆ ಬಂದವನು ನೇರ ಪ್ರಯೋಗಾಲಯಕ್ಕೇ ಬಂದ. ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ನಿಂತ. ಪರದೆಯ ಮೇಲೆ ಪೊಟರೆ ಇತ್ತು.

"ಇದ ಏನ್ರಿ ಅದು?"

"ಹೌದು. ಆ ಬ್ಯಾಕ್ಟೀರಿಯಾದ ಪಂಪು."

"ನಡಬರಕ ಕುಂತದ್ದು?"

"ಇನ್ನಾ ಗೊತ್ತಾಗಿಲ್ಲ."

ಆತ ನಸ್ರೀನಳ ಕಡೆ ತಿರುಗಿದ. "ಇದರಾಗ ಏನ್ ಹಾಕಿದ್ರೆವ್ವಾ?"

ಅವಳು ನನ್ನ ಮುಖ ನೋಡಿದಳು. ಸುಳ್ಳು ಹೇಳುವ ಹುಡುಗಿಯಲ್ಲ. "ಸಿಪ್ರೋ ಹಾಕಿದ್ವಿರಿ" ಎಂದಳು.

ಮಾತ್ರೆಯ ಹೆಸರು ಮಲ್ಲಿನಾಥನಿಗೆ ಬಾಯಿಪಾಠ. ಅದು ಅವನ ಮನೆಯ ಕಪಾಟಿನಲ್ಲಿ ಇನ್ನೂ ಇತ್ತು. ನಾನು ಎಷ್ಟು ವಿವರಿಸಿದರೂ, ಇನ್ನೊಂದು ಚಿತ್ರ ಬರಬೇಕು ಎಂದರೂ, ಅವನ ಕಿವಿಗೆ ಹೋಗಲಿಲ್ಲ. ಪರದೆಯ ಹತ್ತಿರ ಬಂದು ಆ ಗಂಟನ್ನು ಬೆರಳಿನಿಂದ ಮುಟ್ಟಿದ. "ಹೇಳಿದ್ದೆನಲ್ರಿ" ಎಂದಷ್ಟೇ ಹೇಳಿ ಹೊರಟ. ಮರುದಿನ ಅಫಜಲಪುರದಿಂದ ಆಳಂದದವರೆಗೆ ನೆಂಟರಿಗೆಲ್ಲ ಸುದ್ದಿಯಾಯಿತು: ಶಿವಶರಣನ ಗುಳಗಿ ಮಾದೇವಿಯ ರೋಗದ ಹೊಟ್ಟೆಯೊಳಗೆ ಸಿಕ್ಕಿದೆ, ಮಲ್ಲಿನಾಥ ಕಣ್ಣಾರೆ ನೋಡಿ ಬಂದಿದ್ದಾನೆ. ಸತ್ತವಳ ಮಾತ್ರೆಯಲ್ಲ ಅದು, ನಾವು ಲ್ಯಾಬಿನಲ್ಲಿ ಹಾಕಿದ್ದು ಎಂದು ಯಾರಿಗೆ ಹೇಳುವುದು? ಅಣ್ಣ ಫೋನ್ ಮಾಡಿದ. "ಖರೇ ಏನ್ ಸುಜಾತಾ?" ಎಂದ. "ಇನ್ನಾ ಗೊತ್ತಿಲ್ಲಣ್ಣ" ಎಂದೆ. ಫೋನ್ ಇಟ್ಟ. ಆಮೇಲೆ ಹಲವು ದಿನ ಅಂಗಡಿ ತೆರೆಯಲಿಲ್ಲವೆಂದು ಕೇಳಿದೆ.

ವರ್ಷದ ಪೂಜೆ ಹತ್ತಿರ ಬರುವಾಗ ಔಷಧ ಹಾಕದ ಮಾದರಿಯ ಚಿತ್ರ ಬಂತು. ನಸ್ರೀನ್ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು.

"ಮೇಡಂ, ಗುಳಗಿ ಹಾಕಲಾರದ ಸ್ಯಾಂಪಲ್‌ದಾಗೂ ಅದೇ ಕುಂತದರಿ. ಅದೇ ಜಾಗಾ, ಅದೇ ಆಕಾರ. ಸಿಪ್ರೋ ಅಲ್ರಿ ಅದು. ನಮ್ಮ ಡಿಟರ್ಜೆಂಟ್."

ಹೋಗಿ ನೋಡಿದೆ. ಅನುಮಾನಕ್ಕೆ ಎಡೆ ಇರಲಿಲ್ಲ. ಪೊಟರೆಯ ಒಳಗೋಡೆ ಜಿಡ್ಡಿನದು. ಜಿಡ್ಡಿನ ಬಾಲವಿರುವ ಯಾವ ಕಣ ಸಿಕ್ಕರೂ ಅದು ಹಿಡಿದುಕೊಳ್ಳುತ್ತದೆ. ಪಂಪನ್ನು ಪೊರೆಯಿಂದ ಬಿಡಿಸಲು ನಾವೇ ಹಾಕಿದ ಸೋಪು ಅಲ್ಲಿ ಹೋಗಿ ಕೂತಿತ್ತು. ಪೊರೆ ಪ್ರೋಟೀನಿನ ಕೆಲಸ ಮಾಡುವವರೆಲ್ಲ ಒಮ್ಮೆಯಾದರೂ ಕಾಣುವ ಮೋಸ ಇದು. ಹಾಗಾಗಿಯೇ ಎರಡನೆಯ ಮಾದರಿ ಮಾಡುವುದು. ನಸ್ರೀನ್ ಒಂದು ಅಧ್ಯಾಯ ಹೋಯಿತೆಂದು ಅತ್ತಳು. ಕಣ್ಣೊರೆಸಿಕೊಂಡು, "ಅಣ್ಣಾರಿಗಿ ಹೇಳ್ರಿ ಮೇಡಂ, ಖುಷಿ ಆಗ್ತಾರ" ಎಂದಳು. ಆದರೆ ಪೊಟರೆಯಲ್ಲಿ ಇರುವುದು ಸೋಪು ಎಂದರೆ ಮಾತ್ರೆಗೂ ಸಾವಿಗೂ ಸಂಬಂಧವಿಲ್ಲ ಎಂದಲ್ಲ. ಸಂಬಂಧವಿದೆ ಎಂದೂ ಅಲ್ಲ. ಜೀನಿನಲ್ಲಿ ಕಂಡ ಬದಲಾವಣೆ ದೂರದ ಯಡ್ರಾಮಿಯಿಂದ ಬಂದ ಇನ್ನೊಬ್ಬ ರೋಗಿಯ ಮಾದರಿಯಲ್ಲೂ ಇತ್ತು. ಬ್ಯಾಕ್ಟೀರಿಯಾ ನೀರಿನಲ್ಲಿ ಬರುತ್ತದೆ, ಕೈಯಿಂದ ಕೈಗೆ ಬರುತ್ತದೆ. ಅದು ಮಾದೇವಿಯ ಮೈಯೊಳಗೇ ಅರ್ಧಂಬರ್ಧ ಮಾತ್ರೆ ಉಂಡು ಗಟ್ಟಿಯಾಯಿತೋ, ಗಟ್ಟಿಯಾಗಿಯೇ ಎಲ್ಲಿಂದಲೋ ಬಂತೋ, ಸತ್ತ ಮೇಲೆ ಸಿಕ್ಕ ಒಂದು ಟ್ಯೂಬಿನಿಂದ ಹೇಳಲಾಗದು.

ಮರುದಿನ ಬೆಳಗ್ಗೆ ಹವಳಗಾಕ್ಕೆ ಹೋದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಮಲ್ಲಿನಾಥ ಪಾಳಿ ಮುಗಿಸಿ ಬಂದು ಮುಖ ತೊಳೆಯುತ್ತಿದ್ದ. ನಾನು ಎರಡೂ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇಟ್ಟು, ಇದರಲ್ಲಿ ಮಾತ್ರೆ ಹಾಕಿದೆ, ಇದರಲ್ಲಿ ಹಾಕಿಲ್ಲ, ಎರಡರಲ್ಲೂ ಕೂತದ್ದು ನಮ್ಮದೇ ಸೋಪು ಎಂದು ಹೇಳಿದೆ. ಆತ ನೋಡಲೂ ಇಲ್ಲ.

"ಅಣ್ಣನ್ನ ಉಳಸಾಕ ಬಂದೀರಿ."

"ಇಲ್ಲ. ಸಿಕ್ಕದ್ದು ಹೇಳ್ತೇನಿ ಅಂದಿದ್ದೆ, ಅದಕ್ಕ ಬಂದೀನಿ."

"ಹಂಗಾದ್ರ ಗುಳಗಿಯಿಂದ ಆಗಿಲ್ಲ ಅಂತ ಹೇಳ್ರಿ. ನನ್ನ ಮಾರಿ ನೋಡಿ ಹೇಳ್ರಿ."

ಆಗಿಲ್ಲವೆಂದು ಒಂದು ಮಾತು ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು. ಅಣ್ಣನ ಮುಖ ನೆನಪಾಯಿತು. ಆದರೂ ಬಾಯಿಗೆ ಬಂದದ್ದು ವರ್ಷವಿಡೀ ಕಂಡದ್ದೇ.

"ಹಂಗ ಹೇಳಾಕ ಬರಂಗಿಲ್ಲ ಮಲ್ಲಿನಾಥ. ಗುಳಗಿಯಿಂದ ಆಗಿರ್ಬಹುದು. ಆಗಿಲ್ದೇನೂ ಇರ್ಬಹುದು. ಯಾವುದಂತ ನನಗ ಗೊತ್ತಾಗಿಲ್ಲ. ಇನ್ನ ಮ್ಯಾಲ ಗೊತ್ತಾಗೂದೂ ಇಲ್ಲ."

ಆತ ಮೊದಲ ಸಲ ನನ್ನ ಮುಖ ನೋಡಿದ. ಅಣ್ಣನನ್ನು ಉಳಿಸಲು ಬಂದವಳು ಹೀಗೆ ಹೇಳುವುದಿಲ್ಲ ಎಂದು ಅವನಿಗೆ ಅನಿಸಿರಬೇಕು. ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡು, ಕಟ್ಟೆಯ ಮೇಲೆ ಕುಸಿದು ಕೂತ. ಟವಲಿನೊಳಗಿಂದಲೇ ಮಾತಾಡಿದ.

"ಜ್ವರ ಬಂದು ನಡಗಾಕತ್ತಿದ್ಳ್ರಿ ಅಕ್ಕಾರ. ದವಾಖಾನಿಗಿ ಹೋಗೂನು ಅಂದ್ಳು. ಸೀಜನ್ ಅದ, ಈ ವಾರ ಹೋಗ್ಲಿ ಅಂದೆ. ರಜಾ ಕೇಳಿದ್ರ ಕೊಡ್ತಿದ್ರು. ನಾನಽ ಕೇಳ್ಲಿಲ್ಲ. ಮನ್ಯಾಗ ಗುಳಗಿ ಅದಾವಲ್ಲ, ತಗೋ ಅಂದೆ."

ಇಡೀ ವರ್ಷ ಆತ ಇದನ್ನು ಯಾರಿಗೂ ಹೇಳಿರಲಿಲ್ಲ. ಮಾತ್ರೆಯೇ ಕೊಂದಿತೆಂದು ಸಾಬೀತಾಗಿದ್ದರೆ ಹೇಳುವ ಅಗತ್ಯವೂ ಬರುತ್ತಿರಲಿಲ್ಲ. ಮೊದಲೇ ತಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದ. ಅದೂ ಗೊತ್ತಿಲ್ಲ ಎಂದೆ. ಅವನಿಗೆ ಸಮಾಧಾನ ಹೇಳಬೇಕಿತ್ತು. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ನಾನು ಹೊರಡುವಾಗ, "ಶಿವಶರಣಣ್ಣಗ ಸೀರಿ ತರಾಕ ಹೇಳ್ರಿ. ಈ ಮಾತು ಮಾತ್ರ ಅಂವಗ ಹೇಳಬ್ಯಾಡ್ರಿ, ನಾನಽ ಹೇಳ್ತೇನಿ, ಯಾವಾಗರೆ" ಎಂದ.

ಅಣ್ಣ ಸೀರೆ ತಂದ. ಹಿಂದೆ ತಿರುಗಿ ಬಂದಿದ್ದ ಸೀರೆಯಲ್ಲ, ಹೊಸದು. ಮಲ್ಲಿನಾಥ ಎರಡೂ ಕೈಯೊಡ್ಡಿ ತೆಗೆದುಕೊಂಡ. ಇಬ್ಬರೂ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂತರು, ನಡುವೆ ಒಂದು ಜಾಗ ಬಿಟ್ಟು. ಹೆಂಗಸರು ಮತ್ತೆ ಅತ್ತರು, ನಾನು ಮತ್ತೆ ನೀರು ಕೊಟ್ಟೆ.

ಹಿಂದಿರುಗುವಾಗ ಅಣ್ಣನ ಕಾರಿನಲ್ಲಿ ನಾವಿಬ್ಬರೇ. ಅಫಜಲಪುರ ದಾಟಿದ ಮೇಲೆ ಅವನು ಕಾರನ್ನು ಜೋಳದ ಹೊಲದ ಬದಿಗೆ ನಿಲ್ಲಿಸಿದ.

"ಸುಜಾತಾ, ಗುಳಗಿ ಅಲ್ಲ ಅಂತ ಗೊತ್ತಿದ್ದು ಹೇಳಿದಿಯೋ, ನನ್ನ ಉಳಸಾಕ ಹೇಳಿದಿಯೋ?"

"ಗುಳಗಿ ಅಲ್ಲ ಅಂತ ನಾ ಹೇಳೇ ಇಲ್ಲಣ್ಣ. ಗೊತ್ತಾಗಿಲ್ಲ ಅಂತ ಹೇಳೀನಿ."

"ಮುಂದರೆ ಗೊತ್ತಾಗ್ತದೇನು?"

"ಇಲ್ಲ."

ಅವನು ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ಹೊಲದ ಕಡೆ ನೋಡುತ್ತ ಕೂತ. "ಮತ್ತ ಅಂವಾ ಸೀರಿ ಯಾಕ ತಗೊಂಡ?"

"ಅವಂಗೂ ಗೊತ್ತಿಲ್ಲಣ್ಣ. ಅದಕ್ಕಽ."

ಅಣ್ಣ ಅಳತೊಡಗಿದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಆಗಲೂ ಅಳು ಬರಲಿಲ್ಲ. ಪ್ರಯೋಗದ ಕೊನೆಗೆ ಗೊತ್ತಾಗಲಿಲ್ಲ ಎಂದು ನಾಚದೆ ಬರೆಯುವುದನ್ನು ನನಗೆ ಈ ವೃತ್ತಿ ಬಹಳ ಹಿಂದೆಯೇ ಕಲಿಸಿತ್ತು. ಆ ಉತ್ತರವನ್ನು ಕೇಳಿಸಿಕೊಂಡವರ ಪಕ್ಕ, ಅವರು ಮತ್ತೆ ಕಾರು ಹೊರಡಿಸುವವರೆಗೆ, ಕೂತಿರಬೇಕೆಂಬುದು ನನಗೆ ತಿಳಿದದ್ದು ಆ ಮಧ್ಯಾಹ್ನ.